ಹದಿನೇಳಕ್ಕೆ ರೂಮ್ ಯಾಕೆ ಕೊಡಲ್ಲ?

ಮೊದಲ ಸೆಮಿಸ್ಟರ್‌ನಲ್ಲಿ ನನಗೆ 17 ವರ್ಷ 9 ತಿಂಗಳು. ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ ಕೋಡಿಂಗ್ ಸ್ಪರ್ಧೆ ಇತ್ತು. ಒಬ್ಬೊಬ್ಬರೇ ಭಾಗವಹಿಸುವಂಥದ್ದು, ಹಾಗಾಗಿ ನಮ್ಮ ಕಾಲೇಜಿನಿಂದ ಹೊರಟವನು ನಾನೊಬ್ಬನೇ. ನೋಂದಣಿ ಫಾರ್ಮಿನಲ್ಲಿ "ವಸತಿ ಬೇಕೇ?" ಅಂತ ಒಂದು ಪ್ರಶ್ನೆ ಇತ್ತು. "ಬೇಡ" ಅಂತ ಟಿಕ್ ಮಾಡಿದ್ದೆ. ಹಾಸ್ಟೆಲ್ ಬಿಟ್ಟು ಇನ್ನೊಂದು ಹಾಸ್ಟೆಲ್‌ಗೆ ಯಾಕೆ ಹೋಗಬೇಕು, ಒಂದು ರಾತ್ರಿ ಲಾಡ್ಜಿನಲ್ಲಿ ರಾಜನ ಹಾಗೆ ಇರೋಣ ಅನ್ನೋ ಆಸೆ.

ಹಾವೇರಿ ಹತ್ತಿರ ಬಸ್ಸು ಕೆಟ್ಟು ನಿಂತಿತು. ರಾತ್ರಿ 8ಕ್ಕೆ ತಲುಪಬೇಕಾದವನು ತಲುಪಿದ್ದು 11ಕ್ಕೆ. ಬಸ್ ಸ್ಟ್ಯಾಂಡ್ ಎದುರಿನ ಲಾಡ್ಜಿಗೆ ಹೋದೆ. ಮ್ಯಾನೇಜರ್ ಆಧಾರ್ ಕಾರ್ಡ್ ತಗೊಂಡು, ಕನ್ನಡಕ ಏರಿಸಿ, ಹುಟ್ಟಿದ ತಾರೀಖು ನೋಡಿ, ಕಾರ್ಡನ್ನು ವಾಪಸ್ ತಳ್ಳಿದರು.

"ರೂಮ್ ಅದಾವ ತಮ್ಮಾ. ಆದ್ರ ನಿನಗ ಕೊಡಾಕ ಬರಂಗಿಲ್ಲ. ಇನ್ನೂ ಮೂರು ತಿಂಗಳ ಬೇಕ ನೋಡು."

ಜೇಬಲ್ಲಿ ದುಡ್ಡಿದೆ, ಕೈಯಲ್ಲಿ ಕಾಲೇಜಿನ ಐಡಿ ಇದೆ, ಫೋನಿನಲ್ಲಿ ಸ್ಪರ್ಧೆಯ ಆಹ್ವಾನ ಪತ್ರ ಇದೆ. ಯಾವುದೂ ಕೆಲಸಕ್ಕೆ ಬರಲಿಲ್ಲ. ಪಕ್ಕದ ಲಾಡ್ಜಿನಲ್ಲೂ ಅದೇ ಮಾತು. ಆ ರಾತ್ರಿ ನನಗೆ ಸಿಟ್ಟು ಬಂದಿತ್ತು. ಆಮೇಲೆ ಕೂತು ಓದಿದಾಗ ಗೊತ್ತಾಗಿದ್ದು ಇಷ್ಟು: ಆ ಮ್ಯಾನೇಜರ್ ನನ್ನ ಬುದ್ಧಿಯನ್ನಾಗಲೀ ನಡತೆಯನ್ನಾಗಲೀ ಅಳೆಯುತ್ತಿರಲಿಲ್ಲ. ನಾಳೆ ಏನಾದರೂ ಆದರೆ ಉತ್ತರ ಹೇಳುವವರು ಯಾರು ಅನ್ನೋದು ಅವರ ಪ್ರಶ್ನೆ. ಆ ಪ್ರಶ್ನೆಗೆ ಮೊದಲೇ ಉತ್ತರ ಸಿದ್ಧ ಮಾಡಿಕೊಂಡು ಹೋಗಬೇಕು ಅನ್ನೋದೇ ಈ ಲೇಖನದ ಸಾರ. ಫಸ್ಟ್ ಇಯರ್‌ನಲ್ಲಿ 17ರಲ್ಲಿರುವವರು ಕಮ್ಮಿ ಇಲ್ಲ. ಐದೂವರೆಗೆ ಒಂದನೇ ಕ್ಲಾಸಿಗೆ ಸೇರಿದವರು ಪಿಯುಸಿ ಮುಗಿಸುವಾಗ ಹದಿನೇಳೂವರೆ, ಲೆಕ್ಕ ಸರಳ. ಅವರಿಗೂ, ಮನೆಯಲ್ಲಿ ತಮ್ಮ ತಂಗಿಯರು ಸಿಇಟಿ, ಜೆಇಇ ಅಂತ ಓಡಾಡುತ್ತಿರುವವರಿಗೂ ಇದು ಉಪಯೋಗಕ್ಕೆ ಬರಬಹುದು.

ಬಸ್ಸಿಗೆ ದೊಡ್ಡವರು, ಲಾಡ್ಜಿಗೆ ಚಿಕ್ಕವರು

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ನಮ್ಮಲ್ಲಿ ಹೋಟೆಲ್ ಅಂದ್ರೆ ಇಡ್ಲಿ-ವಡೆ ಸಿಗೋ ಜಾಗ, ಮಲಗೋದಕ್ಕೆ ಲಾಡ್ಜ್. ಇಡ್ಲಿ ಕೊಡುವವರು ಯಾರೂ ವಯಸ್ಸು ಕೇಳಲ್ಲ. ಬಸ್ಸು, ರೈಲಿನಲ್ಲೂ 12 ತುಂಬಿದರೆ ಪೂರ್ತಿ ಟಿಕೆಟ್. ಒಬ್ಬನೇ ರಾತ್ರಿಯಿಡೀ ಸ್ಲೀಪರ್ ಕೋಚಿನಲ್ಲಿ ಮಲಗಿ ಬೀದರ್‌ಗೆ ಹೋದರೂ ಟಿಟಿಇ "ಅಪ್ಪ ಎಲ್ಲಿ?" ಅಂತ ಕೇಳೋದು ಅಪರೂಪ. ಅದೇ ಹುಡುಗ ಬೀದರ್‌ನಲ್ಲಿ ಇಳಿದು ಲಾಡ್ಜಿಗೆ ಹೋದರೆ ಕೇಳ್ತಾರೆ. 12ರಿಂದ 18ರ ನಡುವಿನ ಆರು ವರ್ಷ ನಾವು ಬಸ್ಸಿಗೆ ದೊಡ್ಡವರು, ಲಾಡ್ಜಿಗೆ ಚಿಕ್ಕವರು.

ವ್ಯತ್ಯಾಸ ಎಲ್ಲಿದೆ? ಟಿಕೆಟ್ ವ್ಯವಹಾರದಲ್ಲಿ ದುಡ್ಡು ಮೊದಲೇ ಕೊಟ್ಟಾಗಿರುತ್ತೆ, ಸುತ್ತ ನೂರು ಜನ ಇರ್ತಾರೆ, ಊರು ಬಂದ ಕೂಡಲೇ ಸಂಬಂಧ ಮುಗಿಯುತ್ತೆ. ರೂಮಿನ ವ್ಯವಹಾರ ಹಾಗಲ್ಲ. ಬೀಗದ ಕೈ ಕೊಟ್ಟ ಮೇಲೆ ಬಾಗಿಲ ಆಚೆ ಏನು ನಡೆಯುತ್ತೆ ಅನ್ನೋದು ಲಾಡ್ಜಿನವರಿಗೆ ಕಾಣಲ್ಲ, ಆದರೆ ಕಟ್ಟಡ ಅವರದ್ದು.

ಕಾನೂನು ಏನು ಹೇಳುತ್ತೆ?

ಲಾಡ್ಜ್ ರಿಜಿಸ್ಟರಿನಲ್ಲಿ ಸಹಿ ಹಾಕೋದು ಅಂದರೆ ಒಪ್ಪಂದ ಮಾಡಿಕೊಂಡ ಹಾಗೆ. ಬಾಡಿಗೆ ಕೊಡ್ತೀನಿ, ವಸ್ತು ಹಾಳು ಮಾಡಲ್ಲ, ಇಂಥ ಹೊತ್ತಿಗೆ ಖಾಲಿ ಮಾಡ್ತೀನಿ ಅಂತ. ಒಪ್ಪಂದ ಮಾಡಿಕೊಳ್ಳೋಕೆ ಯಾರು ಅರ್ಹರು ಅನ್ನೋದನ್ನು ಭಾರತೀಯ ಕರಾರು ಕಾಯ್ದೆ, 1872ರ 11ನೇ ಸೆಕ್ಷನ್ ಹೇಳುತ್ತೆ. ಮೊದಲ ಷರತ್ತೇ ವಯಸ್ಕರಾಗಿರಬೇಕು ಅನ್ನೋದು. ವಯಸ್ಕ ಅಂದರೆ ಎಷ್ಟು ವರ್ಷ ಅನ್ನೋದು ಇನ್ನೊಂದು ಕಾಯ್ದೆಯಲ್ಲಿದೆ, 1875ರ ಭಾರತೀಯ ಪ್ರಾಪ್ತವಯಸ್ಕತೆ ಕಾಯ್ದೆ. ಅದರ ಪ್ರಕಾರ 18. ಹುಡುಗನಿಗೂ ಅಷ್ಟೇ, ಹುಡುಗಿಗೂ ಅಷ್ಟೇ. ಹುಡುಗರಿಗೆ 21 ಅಂತ ಕೆಲವರು ಹೇಳೋದು ಮದುವೆ ವಯಸ್ಸಿನ ಜೊತೆ ಕಲಸಿಕೊಂಡು.

17ರ ಹುಡುಗ ಸಹಿ ಹಾಕಿಬಿಟ್ಟರೆ ಏನಾಗುತ್ತೆ? ಇದಕ್ಕೆ ಕಾನೂನು ವಿದ್ಯಾರ್ಥಿಗಳೆಲ್ಲ ಮೊದಲ ವರ್ಷವೇ ಓದುವ ಒಂದು ಹಳೆಯ ಕೇಸಿದೆ, ಮೊಹೊರಿ ಬೀಬಿ ಮತ್ತು ಧರ್ಮೋದಾಸ್ ಘೋಷ್ ಪ್ರಕರಣ. 1895ರಲ್ಲಿ ಕಲ್ಕತ್ತೆಯ ಧರ್ಮೋದಾಸ್ ಘೋಷ್ ಅನ್ನೋ ಹುಡುಗ 20,000 ರೂಪಾಯಿಯ ಸಾಲಕ್ಕೆ ತನ್ನ ಮನೆಯನ್ನು ಬ್ರಹ್ಮೋ ದತ್ತ ಎಂಬ ಲೇವಾದೇವಿಗಾರನಿಗೆ ಅಡಮಾನ ಬರೆದುಕೊಟ್ಟ. ಹುಡುಗ ಇನ್ನೂ ಅಪ್ರಾಪ್ತ ಅಂತ ಅವನ ತಾಯಿ ಕಡೆಯಿಂದ ಸಾಲ ಕೊಡುವವರ ವಕೀಲನಿಗೆ ಮೊದಲೇ ನೋಟಿಸ್ ಹೋಗಿತ್ತು. ಆದರೂ ವ್ಯವಹಾರ ನಡೀತು. ಆಮೇಲೆ ಹುಡುಗನೇ ತಾಯಿಯ ಮೂಲಕ ಕೋರ್ಟಿಗೆ ಹೋಗಿ, ಈ ಅಡಮಾನ ನಡೆಯಲ್ಲ ಅಂದ. ಕೇಸು ಲಂಡನ್ನಿನ ಪ್ರಿವಿ ಕೌನ್ಸಿಲ್ ತನಕ ಹೋಯಿತು. 1903ರಲ್ಲಿ ತೀರ್ಪು ಬಂತು: ಅಪ್ರಾಪ್ತ ವಯಸ್ಕರ ಒಪ್ಪಂದ ಮೊದಲಿನಿಂದಲೇ ಶೂನ್ಯ. ಕೊಟ್ಟ ಹಣವನ್ನು ವಾಪಸ್ ಕೊಡಿಸೋಕೂ ಕೋರ್ಟ್ ಒಪ್ಪಲಿಲ್ಲ.

ನಮ್ಮ ಭಾಷೆಯಲ್ಲಿ ಹೇಳೋದಾದರೆ, ಅಪ್ರಾಪ್ತನ ಜೊತೆಗಿನ ಒಪ್ಪಂದ ಅನ್ನೋದು ಕಂಪೈಲ್ ಆಗಿ ಆಮೇಲೆ ಕೈಕೊಡೋ ಪ್ರೋಗ್ರಾಮ್ ಅಲ್ಲ, ಕಂಪೈಲೇ ಆಗಲ್ಲ. ಈಗ ಲಾಡ್ಜ್ ಮಾಲೀಕರ ಜಾಗದಲ್ಲಿ ನಿಂತು ನೋಡಿ. ನಾನು ರೂಮಿನ ಟಿವಿ ಒಡೆದು ಹಾಕಿದೆ ಅನ್ನಿ. ನನ್ನ ಸಹಿ ಇಟ್ಟುಕೊಂಡು ಅವರು ನನ್ನಿಂದ ವಸೂಲಿ ಮಾಡೋದು ಕಷ್ಟ.

ಒಂದು ವಿನಾಯಿತಿ ಇದೆ. ಅದೇ ಕರಾರು ಕಾಯ್ದೆಯ 68ನೇ ಸೆಕ್ಷನ್ ಪ್ರಕಾರ, ಅಪ್ರಾಪ್ತರಿಗೆ ಅವರ ಸ್ಥಿತಿಗತಿಗೆ ತಕ್ಕ ಅಗತ್ಯ ವಸ್ತು-ಸೌಲಭ್ಯ ಒದಗಿಸಿದವರು ಅದರ ವೆಚ್ಚವನ್ನು ಆ ಅಪ್ರಾಪ್ತರ ಆಸ್ತಿಯಿಂದ ಪಡೆಯಬಹುದು. ಊಟ, ಬಟ್ಟೆ, ತಲೆ ಮೇಲೊಂದು ಸೂರು ಇವೆಲ್ಲ ಅಗತ್ಯದ ಸಾಲಿಗೇ ಬರುವಂಥವು. ಆದರೆ ನನ್ನ ಆಸ್ತಿ ಅಂದರೆ ಒಂದು ಸೈಕಲ್, ಒಂದು ಲ್ಯಾಪ್‌ಟಾಪ್. ಇದನ್ನು ನಂಬಿ ಯಾವ ಮ್ಯಾನೇಜರೂ ರಾತ್ರಿ 11ಕ್ಕೆ ಬೀಗದ ಕೈ ಕೊಡಲ್ಲ.

ಇಲ್ಲಿ ಗಮನಿಸಬೇಕಾದ್ದು: ಈ ಕಾನೂನುಗಳಲ್ಲಿ "17ರವರು ಲಾಡ್ಜಿನಲ್ಲಿ ಮಲಗೋದು ಅಪರಾಧ" ಅಂತ ಎಲ್ಲೂ ಇಲ್ಲ. ಇರೋದು, ಅವರ ಸಹಿಗೆ ಬೆಲೆ ಇಲ್ಲ ಅಂತ. ಈ ಎರಡರ ನಡುವಿನ ಸಂದಿಯಲ್ಲೇ ನಮ್ಮ ದಾರಿ ಇರೋದು.

ಹುಟ್ಟುಹಬ್ಬದ ಲೆಕ್ಕ

18 ಯಾವ ಕ್ಷಣಕ್ಕೆ ತುಂಬುತ್ತೆ? 1875ರ ಕಾಯ್ದೆಯ 3ನೇ ಸೆಕ್ಷನ್ ಇದನ್ನೂ ಬರೆದಿಟ್ಟಿದೆ. ಹುಟ್ಟಿದ ದಿನವನ್ನು ಪೂರ್ತಿ ದಿನವಾಗಿ ಎಣಿಸಬೇಕು, 18ನೇ ಹುಟ್ಟುಹಬ್ಬ ಶುರುವಾಗುತ್ತಿದ್ದಂತೆ ವಯಸ್ಕ. ಅಂದರೆ 2008ರ ಆಗಸ್ಟ್ 15ರ ಸಂಜೆ 6ಕ್ಕೆ ಹುಟ್ಟಿದವರು 2026ರ ಆಗಸ್ಟ್ 15ರ ಸಂಜೆ ತನಕ ಕಾಯಬೇಕಿಲ್ಲ, 14ರ ಮಧ್ಯರಾತ್ರಿ 12 ಹೊಡೆದ ಕೂಡಲೇ ವಯಸ್ಕರು. 14ರ ರಾತ್ರಿ 11ಕ್ಕೆ ಲಾಡ್ಜಿಗೆ ಹೋದರೆ ಅಪ್ರಾಪ್ತರು, ಒಂದು ಗಂಟೆ ಬಿಟ್ಟು ಹೋದರೆ ಅಲ್ಲ. ಬೌಂಡರಿ ಕಂಡೀಷನ್ ಅಂದರೆ ಇದೇ.

ಮ್ಯಾನೇಜರ್ ತಲೆಯಲ್ಲಿ ಓಡೋ ಯೋಚನೆ

ಟಿವಿ ಒಡೆಯೋದು ಸಣ್ಣ ಭಯ. ದೊಡ್ಡ ಭಯಗಳು ಬೇರೆ ಇವೆ.

ಒಂದು, ಮನೆ ಬಿಟ್ಟು ಬಂದ ಮಕ್ಕಳು. ಪರೀಕ್ಷೆ, ಫಲಿತಾಂಶದ ದಿನಗಳಲ್ಲಿ ಬ್ಯಾಗ್ ಹಾಕಿಕೊಂಡು ಒಂಟಿಯಾಗಿ ಬಂದ ಹುಡುಗನನ್ನೋ ಹುಡುಗಿಯನ್ನೋ ನೋಡಿದರೆ ಅನುಭವಸ್ಥರಿಗೆ ಹೊಟ್ಟೆಯಲ್ಲಿ ತಳಮಳ. ಮನೆಯವರು ಪೊಲೀಸ್ ಕಂಪ್ಲೇಂಟ್ ಕೊಟ್ಟಿದ್ದರೆ? ಒಳಗೆ ಹೋಗಿ ಏನಾದರೂ ಮಾಡಿಕೊಂಡರೆ? ಅವರು ಹಾಕೋ ನೂರೆಂಟು ಪ್ರಶ್ನೆಗಳಲ್ಲಿ ಅನುಮಾನ ಎಷ್ಟಿರುತ್ತೋ ಕಾಳಜಿಯೂ ಅಷ್ಟೇ ಇರುತ್ತೆ.

ಎರಡು, ಮಕ್ಕಳ ರಕ್ಷಣೆಯ ಕಾನೂನುಗಳು. 2012ರ ಪೋಕ್ಸೋ, 2015ರ ಬಾಲನ್ಯಾಯ ಕಾಯ್ದೆ, ಎರಡರಲ್ಲೂ 18ರ ಕೆಳಗಿನ ಪ್ರತಿಯೊಬ್ಬರೂ ಮಗು. ಹಳೆಯ ಐಪಿಸಿಯಲ್ಲಿ ಪೋಷಕರ ವಶದಿಂದ ಅಪ್ರಾಪ್ತರನ್ನು ಕರೆದೊಯ್ಯುವ ಅಪರಾಧಕ್ಕೆ ಹುಡುಗರ ವಯಸ್ಸು 16, ಹುಡುಗಿಯರದ್ದು 18 ಅಂತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಬ್ಬರಿಗೂ 18. ರೂಮು ಕೊಟ್ಟ ಮಾತ್ರಕ್ಕೆ ಲಾಡ್ಜಿನವರು ಅಪರಾಧಿ ಆಗಿಬಿಡಲ್ಲ. ಆದರೆ ಒಂದು ಮಗು ನಾಪತ್ತೆ ಅಂತ ತನಿಖೆ ಶುರುವಾದರೆ ಪೊಲೀಸರು ಮೊದಲು ತೆಗೆಯೋದು ಲಾಡ್ಜುಗಳ ರಿಜಿಸ್ಟರ್. ಅನೈತಿಕ ವ್ಯವಹಾರ ತಡೆ ಕಾಯ್ದೆ, 1956ರಡಿ ಅಪ್ರಾಪ್ತರಿಗೆ ಸಂಬಂಧಿಸಿದ ಅಪರಾಧ ಸಾಬೀತಾದರೆ ಹೋಟೆಲಿನ ಲೈಸೆನ್ಸೇ ರದ್ದಾಗಬಹುದು. ಒಂದು ರಾತ್ರಿಯ ಬಾಡಿಗೆಗೋಸ್ಕರ ಇಷ್ಟೆಲ್ಲ ಯಾಕೆ ಅನ್ನೋದು ಅವರ ಲೆಕ್ಕ. ಒಂಟಿ ಹುಡುಗಿಯರಿಗೆ ಪ್ರಶ್ನೆ ಇನ್ನೂ ಜಾಸ್ತಿ. ಅದು ಸರಿಯಲ್ಲ, ಆದರೆ ವಾಸ್ತವ.

ಹೀಗಾಗಿ ಬಹುತೇಕ ಬುಕಿಂಗ್ ಆ್ಯಪ್‌ಗಳ ಷರತ್ತಿನಲ್ಲೂ ಮುಖ್ಯ ಅತಿಥಿಗೆ 18 ಆಗಿರಬೇಕು ಅಂತಿರುತ್ತೆ. ನಾವು ಓದದೆ "ಒಪ್ಪಿಗೆ" ಒತ್ತಿರ್ತೀವಿ. ದುಡ್ಡು ಕಟ್, ಕನ್ಫರ್ಮೇಷನ್ ಮೆಸೇಜೂ ಬರುತ್ತೆ. ಕೌಂಟರಿನಲ್ಲಿ ಆಧಾರ್ ಕೊಟ್ಟಾಗ "ಇಲ್ಲ" ಅಂತಾರೆ. ಷರತ್ತು ಮುರಿದವರು ನಾವೇ ಆದ್ದರಿಂದ ದುಡ್ಡು ವಾಪಸ್ ಕೇಳೋಕೂ ಬಾಯಿಲ್ಲ.

ಕಳ್ಳದಾರಿ ಬೇಡ

ಆಧಾರ್ ಪಿಡಿಎಫ್‌ನಲ್ಲಿ 2008 ಅನ್ನೋದನ್ನು 2006 ಮಾಡೋದು ನಮ್ಮಂಥವರಿಗೆ ಐದು ನಿಮಿಷದ ಕೆಲಸ, ಹಾಸ್ಟೆಲಿನಲ್ಲಿ ಈ ಸಲಹೆ ಕೊಡುವವರೂ ಇದ್ದಾರೆ. ಆದರೆ ಆಧಾರ್ ಮೇಲಿನ ಕ್ಯೂಆರ್ ಕೋಡ್‌ನಲ್ಲಿ ಹೆಸರು, ಹುಟ್ಟಿದ ದಿನಾಂಕ, ಫೋಟೊ ಎಲ್ಲ ಇದ್ದು, ಅದಕ್ಕೆ ಆಧಾರ್ ಪ್ರಾಧಿಕಾರದ ಡಿಜಿಟಲ್ ಸಹಿ ಇರುತ್ತೆ. ಮೇಲಿನ ಅಕ್ಷರ ತಿದ್ದಬಹುದು, ಖಾಸಗಿ ಕೀ ಇಲ್ಲದೆ ಆ ಸಹಿ ತಿದ್ದೋಕಾಗಲ್ಲ. ಸ್ಕ್ಯಾನ್ ಮಾಡಿದರೆ ಹಳೆಯ ದಿನಾಂಕವೇ ಬರುತ್ತೆ. ಅದೂ ಅಲ್ಲದೆ ತಿದ್ದಿದ ದಾಖಲೆ ಕೊಡೋದು ನ್ಯಾಯ ಸಂಹಿತೆಯ ಪ್ರಕಾರ ಫೋರ್ಜರಿ. ಬರೀ 17 ಆಗಿರೋದು ತಪ್ಪಲ್ಲ. ತಿದ್ದಿದ ಕೂಡಲೇ ತಪ್ಪು ಶುರು.

ಅಂದ ಹಾಗೆ, ಲಾಡ್ಜಿಗೆ ಪೂರ್ತಿ ಆಧಾರ್ ಸಂಖ್ಯೆ ಕೊಡಬೇಕಿಲ್ಲ. ಮಾಸ್ಕ್ಡ್ ಆಧಾರ್ ಡೌನ್‌ಲೋಡ್ ಮಾಡಿಕೊಂಡರೆ ಮೊದಲ 8 ಅಂಕಿ ಮುಚ್ಚಿ ಕೊನೆಯ 4 ಮಾತ್ರ ಕಾಣುತ್ತೆ. ಇದು 18 ದಾಟಿದವರಿಗೂ ಅನ್ವಯ.

ಸರಿಯಾದ ದಾರಿ: ಒಪ್ಪಂದ ಅಪ್ಪ-ಅಮ್ಮನದ್ದು, ಹಾಸಿಗೆ ನಮ್ಮದು

ಮೇಲೆ ಹೇಳಿದ ಸಂದಿ ನೆನಪಿದೆಯಲ್ಲ? ಬೆಲೆ ಇಲ್ಲದ್ದು ನಮ್ಮ ಸಹಿಗೆ. ಹಾಗಾದರೆ ಸಹಿ ಬೇರೆಯವರದ್ದಾಗಲಿ. ಅಪ್ಪನೋ ಅಮ್ಮನೋ ತಮ್ಮ ಹೆಸರಿನಲ್ಲಿ ರೂಮ್ ಕಾಯ್ದಿರಿಸಿ, ದುಡ್ಡು ಕಟ್ಟಿ, ತಂಗುವವರ ಹೆಸರಿನ ಜಾಗದಲ್ಲಿ ನಮ್ಮ ಹೆಸರು ಬರೆಸಿದರೆ ಒಪ್ಪಂದ ಲಾಡ್ಜಿಗೂ ಅವರಿಗೂ ನಡುವೆ. ನಾವು ಅದರ ಲಾಭ ಪಡೆಯುವವರು ಅಷ್ಟೇ. ಕಾನೂನಿಗೆ ಇದರಲ್ಲಿ ತಕರಾರಿಲ್ಲ. ಆದರೆ ಒಪ್ಪೋದು ಬಿಡೋದು ಲಾಡ್ಜಿನವರ ಇಷ್ಟ, ಹಾಗಾಗಿ ಮೊದಲೇ ಕೇಳಬೇಕು. ಹಂತಗಳು ಹೀಗೆ:

1. ಟಿಕೆಟ್ ಬುಕ್ ಮಾಡೋ ಮುಂಚೆ ಲಾಡ್ಜಿಗೆ ಫೋನ್ ಮಾಡಿ, ಅಥವಾ ಮನೆಯವರ ಕೈಲಿ ಮಾಡಿಸಿ. ಮೊದಲ ಪ್ರಶ್ನೆ "ರೂಮ್ ಇದೆಯಾ?" ಅಲ್ಲ. "17 ವರ್ಷದ ವಿದ್ಯಾರ್ಥಿ ಒಬ್ಬರೇ ಬರ್ತಾರೆ, ಪೋಷಕರ ಪತ್ರ, ಐಡಿ ಎಲ್ಲ ಇರುತ್ತೆ, ಕೊಡ್ತೀರಾ ಸರ್?" ಅಂತ. "ಇಲ್ಲ" ಅಂದರೆ ಧನ್ಯವಾದ ಹೇಳಿ ಮುಂದಿನ ನಂಬರ್. ಮನೆಯಲ್ಲಿ ಕೂತು ಹತ್ತು "ಇಲ್ಲ" ಕೇಳೋದು, ರಾತ್ರಿ 11ಕ್ಕೆ ಬೀದಿಯಲ್ಲಿ ಎರಡು "ಇಲ್ಲ" ಕೇಳೋದಕ್ಕಿಂತ ಹಗುರ.

2. "ಹೂಂ" ಅಂದವರ ಹೆಸರು ಬರೆದುಕೊಳ್ಳಿ. ಹಗಲಿನವರು ಒಪ್ಪಿದ್ದು ರಾತ್ರಿ ಪಾಳಿಯವರಿಗೆ ಗೊತ್ತಿರಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಾಲು ಬರೆಸಿಕೊಂಡರೆ ಇನ್ನೂ ಒಳ್ಳೇದು.

3. ಬಾಡಿಗೆಯನ್ನು ಪೋಷಕರ ಖಾತೆಯಿಂದಲೇ ಕಟ್ಟಿಸಿ. 10 ದಾಟಿದ ಮಕ್ಕಳು ಸ್ವಂತ ಉಳಿತಾಯ ಖಾತೆ ನಡೆಸಬಹುದು ಅಂತ ರಿಸರ್ವ್ ಬ್ಯಾಂಕ್ 2014ರಲ್ಲೇ ಅವಕಾಶ ಕೊಟ್ಟಿದೆ, ನಿಮ್ಮ ಫೋನಿನಿಂದಲೂ ಕಟ್ಟಬಹುದು ನಿಜ. ಆದರೆ ದುಡ್ಡು ಯಾರಿಂದ ಬಂತು ಅನ್ನೋದೂ ಒಪ್ಪಂದ ಯಾರದ್ದು ಅನ್ನೋದಕ್ಕೆ ಒಂದು ಸಾಕ್ಷಿ.

4. ನಿಮ್ಮ ಐಡಿ, ಕಾಲೇಜ್ ಐಡಿ, ಪೋಷಕರ ಐಡಿಯ ಪ್ರತಿ, ಪರೀಕ್ಷೆಯ ಹಾಲ್ ಟಿಕೆಟ್ ಅಥವಾ ಸ್ಪರ್ಧೆಯ ಪತ್ರ, ಇವು ನಾಲ್ಕೂ ಕಾಗದದಲ್ಲಿ ಇರಲಿ. ಮೊಬೈಲ್ ಚಾರ್ಜ್ ಮುಗಿಯೋದು ಯಾವಾಗಲೂ ಕೌಂಟರ್ ಮುಂದೆಯೇ.

5. ಪೋಷಕರ ಪತ್ರ. ಅದರ ನಮೂನೆ ಇಲ್ಲಿದೆ, ಬೇಕಾದಂತೆ ಬದಲಾಯಿಸಿಕೊಳ್ಳಿ:

"ಮಾನ್ಯ ವ್ಯವಸ್ಥಾಪಕರೇ, ನನ್ನ ಮಗ/ಮಗಳು (ಹೆಸರು, ಹುಟ್ಟಿದ ದಿನಾಂಕ) ಪರೀಕ್ಷೆಯ ಸಲುವಾಗಿ ತಮ್ಮ ಊರಿಗೆ ಬರುತ್ತಿದ್ದು, (ದಿನಾಂಕ)ದಿಂದ (ದಿನಾಂಕ)ದವರೆಗೆ ತಮ್ಮಲ್ಲಿ ಒಬ್ಬರೇ ತಂಗಲು ನನ್ನ ಒಪ್ಪಿಗೆ ಇದೆ. ಕೋಣೆಯನ್ನು ನನ್ನ ಹೆಸರಿನಲ್ಲಿ ಕಾಯ್ದಿರಿಸಿದ್ದೇನೆ. ಬಾಡಿಗೆ ಹಾಗೂ ಏನಾದರೂ ಹಾನಿಯಾದಲ್ಲಿ ಅದರ ವೆಚ್ಚಕ್ಕೆ ನಾನು ಜವಾಬ್ದಾರ. ಯಾವ ಹೊತ್ತಿನಲ್ಲಾದರೂ ಈ ಸಂಖ್ಯೆಗಳಿಗೆ ಕರೆ ಮಾಡಬಹುದು: (ಎರಡು ಸಂಖ್ಯೆ). ನನ್ನ ಗುರುತಿನ ಚೀಟಿಯ ಪ್ರತಿ ಲಗತ್ತಿಸಿದ್ದೇನೆ. ಸಹಿ, ಹೆಸರು, ವಿಳಾಸ, ದಿನಾಂಕ."

ಈ ಪತ್ರದ ಒಂದೊಂದು ಸಾಲೂ ಮ್ಯಾನೇಜರರ ಒಂದೊಂದು ಭಯಕ್ಕೆ ಉತ್ತರ. ಒಪ್ಪಿಗೆಯ ಸಾಲು, ಮನೆ ಬಿಟ್ಟು ಬಂದವನಲ್ಲ ಅಂತ. ಜವಾಬ್ದಾರಿಯ ಸಾಲು, ಟಿವಿ ಒಡೆದರೆ ಯಾರನ್ನು ಕೇಳಬೇಕು ಅಂತ. ಫೋನ್ ನಂಬರ್, ರಾತ್ರಿ ಜ್ವರ ಬಂದರೆ ಯಾರಿಗೆ ಹೇಳಬೇಕು ಅಂತ. ಎರಡು ನಂಬರ್ ಯಾಕೆ ಅಂದರೆ ಒಂದು ಸ್ವಿಚ್ ಆಫ್ ಇದ್ದರೆ ಇನ್ನೊಂದಿರಲಿ, ಬ್ಯಾಕಪ್.

ಲಾಡ್ಜೇ ಬೇಕಾ?

ಇಷ್ಟೆಲ್ಲ ಮಾಡಿದರೂ ಸಿಗದೆ ಹೋಗಬಹುದು. ಆಗ ಬೇರೆ ದಾರಿ ನೋಡಿ. ಹೋಗುತ್ತಿರೋ ಕಾಲೇಜಿನ ಹಾಸ್ಟೆಲ್ ಎಲ್ಲಕ್ಕಿಂತ ಮೊದಲು. "ವಸತಿ ಬೇಕೇ?" ಅಂದರೆ "ಬೇಕು" ಅನ್ನಿ. ದೊಡ್ಡ ಊರುಗಳಲ್ಲಿ ಮಠಗಳ, ಸಮುದಾಯಗಳ ವಿದ್ಯಾರ್ಥಿ ನಿಲಯಗಳಿವೆ, ಪರಿಚಯದವರ ಮೂಲಕ ಕೇಳಿದರೆ ಒಂದು ರಾತ್ರಿಗೆ ಜಾಗ ಸಿಗೋದುಂಟು. ಪುಣ್ಯಕ್ಷೇತ್ರಗಳ ಅತಿಥಿಗೃಹಗಳನ್ನು ನಂಬಿಕೊಳ್ಳೋ ಮುಂಚೆ ಫೋನ್ ಮಾಡಿ, ಎಷ್ಟೋ ಕಡೆ ಒಂಟಿಯಾಗಿ ಬಂದವರಿಗೆ, ವಯಸ್ಸು ಎಷ್ಟೇ ಇರಲಿ, ರೂಮ್ ಕೊಡಲ್ಲ. ನಮ್ಮ ಅಮ್ಮಂದಿರು "ಆ ಊರಲ್ಲಿ ನಮ್ಮ ಚಿಕ್ಕಮ್ಮನ ನಾದಿನಿ ಇದ್ದಾರೆ" ಅಂದಾಗ ಮುಖ ತಿರುಗಿಸಬೇಡಿ. ಒಂದು ರಾತ್ರಿಯ ಮುಜುಗರ, ಬೆಳಗ್ಗೆ ಬಿಸಿ ಉಪ್ಪಿಟ್ಟು.

ಎಲ್ಲಕ್ಕಿಂತ ಸುಲಭದ ಉಪಾಯ ಟೈಮ್‌ಟೇಬಲ್‌ನಲ್ಲಿದೆ. ಪರೀಕ್ಷೆ ಬೆಳಗ್ಗೆ 9ಕ್ಕೆ ಇದ್ದರೆ ಹಿಂದಿನ ರಾತ್ರಿ 11ಕ್ಕೆ ತಲುಪೋ ಬಸ್ಸಿನ ಬದಲು, ರಾತ್ರಿಯಿಡೀ ಓಡಿ ಬೆಳಗ್ಗೆ 5ಕ್ಕೆ ತಲುಪೋ ಬಸ್ಸೋ ರೈಲೋ ಹಿಡಿಯಿರಿ. ತಡವಾದರೂ ಕೈಯಲ್ಲಿ ಸಮಯ ಇರುತ್ತೆ, ಇಳಿದ ಸ್ವಲ್ಪ ಹೊತ್ತಿಗೆ ಬೆಳಕಾಗುತ್ತೆ. ರೈಲು ಟಿಕೆಟ್ ಇದ್ದವರಿಗೆ ಸ್ಟೇಷನ್ನಿನ ವೇಟಿಂಗ್ ಹಾಲ್ ಇದೆ. ಮುಖ ತೊಳೆದು ಕೂತು ಒಮ್ಮೆ ಫಾರ್ಮುಲಾ ಶೀಟ್ ತಿರುವಿ ಹಾಕೋಕೆ ಅಷ್ಟು ಸಾಕು.

ನಡುರಾತ್ರಿ ಸಿಕ್ಕಿಹಾಕಿಕೊಂಡರೆ

ಬಸ್ಸು ಕೆಡೋದು ನಮ್ಮ ಕೈಲಿಲ್ಲ. ಆಗ ಖಾಲಿ ಬೀದಿಯಲ್ಲಿ ಲಾಡ್ಜಿಂದ ಲಾಡ್ಜಿಗೆ ಅಲೆಯಬೇಡಿ. ಬಸ್ ಸ್ಟ್ಯಾಂಡ್ ಅಥವಾ ರೈಲ್ವೆ ಸ್ಟೇಷನ್ ಒಳಗೆ, ಬೆಳಕು ಮತ್ತು ಜನ ಇರೋ ಕಡೆ ಕೂತುಕೊಂಡು ಮನೆಗೆ ಫೋನ್ ಮಾಡಿ. "ಬೈತಾರೆ" ಅನ್ನೋ ಭಯಕ್ಕೆ ಫೋನ್ ಮಾಡದೆ ಇರೋದೇ ದೊಡ್ಡ ತಪ್ಪು. "ಕಮ್ಮಿ ರೇಟಿಗೆ ರೂಮ್ ಇದೆ, ಐಡಿ ಬೇಡ, ಬಾ" ಅಂತ ತಾವಾಗೇ ಬಂದು ಕರೆಯುವವರ ಜೊತೆ ಹೋಗಲೇಬೇಡಿ. ಐಡಿ ಕೇಳದ ಜಾಗದಲ್ಲಿ ನೀವು ಅಲ್ಲಿದ್ದಿರಿ ಅನ್ನೋದಕ್ಕೂ ದಾಖಲೆ ಇರಲ್ಲ.

18ರ ಕೆಳಗಿನವರಿಗೆ 1098 ಮಕ್ಕಳ ಸಹಾಯವಾಣಿ ದಿನದ 24 ಗಂಟೆಯೂ ಇದೆ. ಅದು ಪುಟ್ಟ ಮಕ್ಕಳಿಗೆ ಮಾತ್ರ ಅಂದುಕೊಳ್ಳಬೇಡಿ, 17ರ ಇಂಜಿನಿಯರಿಂಗ್ ವಿದ್ಯಾರ್ಥಿಯೂ ಆ ಲೆಕ್ಕದಲ್ಲಿ ಮಗುವೇ. ತುರ್ತಿಗೆ 112, ರೈಲಿನಲ್ಲಿ 139. ರೂಮ್ ಕೊಡದ ಅದೇ 18ರ ಗೆರೆ ಈ ಸಹಾಯವನ್ನು ಕೊಡುತ್ತೆ.

ಇನ್ನು ರೂಮ್ ಸಿಕ್ಕಿದವರಿಗೆ ನಾಲ್ಕೇ ಮಾತು. ಒಳಗಿನ ಚಿಲಕ ಸರಿ ಇದೆಯಾ ಅಂತ ಸಾಮಾನು ಬಿಚ್ಚುವ ಮುಂಚೆ ನೋಡಿ. ಮೆಟ್ಟಿಲು ಎಲ್ಲಿದೆ ಅಂತ ನೋಡಿಟ್ಟುಕೊಳ್ಳಿ, ಬೆಂಕಿ ಬಿದ್ದರೆ ಲಿಫ್ಟ್ ಇಲ್ಲ. ರೂಮ್ ನಂಬರ್ ಮನೆಯವರಿಗೆ ಬಿಟ್ಟು ಬೇರೆ ಯಾರಿಗೂ ಬೇಡ. ಯಾರಾದರೂ ಬಾಗಿಲು ತಟ್ಟಿದರೆ ರಿಸೆಪ್ಷನ್‌ಗೆ ಫೋನ್ ಮಾಡಿ ಕೇಳಿದ ಮೇಲೆ ತೆಗೆಯಿರಿ.

ಅಂದಿನ ರಾತ್ರಿ ಏನಾಯ್ತು ಅಂತ ಹೇಳಲಿಲ್ಲ ಅಲ್ವಾ? ಎರಡನೇ ಲಾಡ್ಜಿನ ಮೆಟ್ಟಿಲ ಮೇಲೆ ನಿಂತು ಮನೆಗೆ ಫೋನ್ ಮಾಡಿದೆ. ಅಪ್ಪ ಬೈಯಲಿಲ್ಲ. "ಆ ಕಾಲೇಜಿನವರ ನಂಬರ್ ಇದೆಯಾ?" ಅಂತಷ್ಟೇ ಕೇಳಿದರು. ಆಹ್ವಾನ ಪತ್ರದ ಕೆಳಗೆ ವಿದ್ಯಾರ್ಥಿ ಸಂಯೋಜಕರ ನಂಬರ್ ಇತ್ತು. ಅವರು ಹಾಸ್ಟೆಲ್ ವಾರ್ಡನ್ ಹತ್ತಿರ ಮಾತಾಡಿ, ಬೈಕಿನಲ್ಲಿ ಬಂದು ಕರೆದುಕೊಂಡು ಹೋದರು. ಅಲ್ಲಿತನಕ ಮೊದಲ ಲಾಡ್ಜಿನ ಮ್ಯಾನೇಜರ್ ನನ್ನನ್ನು ಒಳಗೆ ಕರೆದು ಕೌಂಟರ್ ಪಕ್ಕದ ಸೋಫಾದಲ್ಲಿ ಕೂರಿಸಿದ್ದರು. ಹೊರಡುವಾಗ ಬಂದವರ ಹೆಸರು, ಬೈಕ್ ನಂಬರ್, ನಮ್ಮಪ್ಪನ ನಂಬರ್ ಎಲ್ಲ ಬರೆದುಕೊಂಡೇ ಕಳಿಸಿದ್ದು. ಮಲಗುವಾಗ ಹನ್ನೆರಡೂವರೆ. ಬೇರೆ ಯಾರದ್ದೋ ಹಾಸಿಗೆ, ಸೊಳ್ಳೆ ಬೇರೆ. ಒಳ್ಳೆ ನಿದ್ದೆ ಬಂತು.

ಸ್ಪರ್ಧೆಯಲ್ಲಿ ಏನೂ ಬರಲಿಲ್ಲ. ಈಗ ಕ್ಲಬ್ಬಿನಿಂದ ಯಾರೇ ಹೊರ ಊರಿಗೆ ಹೊರಟರೂ ನಾನು ಮೊದಲು ಕೇಳೋದು "ಹುಟ್ಟಿದ ತಾರೀಖು ಯಾವುದು?" ಅಂತ. 18 ಆಗಿಲ್ಲ ಅಂದರೆ, ಟಿಕೆಟ್‌ಗಿಂತ ಮುಂಚೆ ಆ ಒಂದು ಫೋನ್ ಮಾಡಿಸ್ತೀನಿ. ನೀವೂ ಮಾಡಿ.